ಕಿಟಕಿಯಲ್ಲಿಟ್ಟ ಕೆರೆ

ನಮ್ಮ ಪಡಸಾಲೆಯ ಕಿಟಕಿಯಲ್ಲಿ ಎರಡು ಗಾಜಿನ ಬರಣಿಗಳಿವೆ. ಮನೆಗೆ ಬಂದವರೆಲ್ಲ ಅವನ್ನು ಉಪ್ಪಿನಕಾಯಿ ಎಂದೇ ತಿಳಿಯುತ್ತಾರೆ. ಮೊನ್ನೆ ಹಿಟ್ಟು ಕೇಳಲು ಬಂದ ಓಣಿಯ ಸೊಸೆಯೊಬ್ಬಳು ಬಗ್ಗಿ ನೋಡಿ, "ಆಯಿ, ಇದು ಯಾವ ಕಾಯಿಂದ್ರಿ? ಅಡಿಗ ಕರ್ರಗ, ಮ್ಯಾಲ ಹಸರ ಆಗ್ಯಾದಲ್ಲ, ಬೂಜು ಹತ್ತ್ಯಾದೇನು?" ಎಂದಳು.

"ಕಾಯಿ ಅಲ್ಲವ್ವ. ಕೆಸರು."

"ಕೆಸರಾ! ಕೆಸರು ಯಾರರ ಬರಣ್ಯಾಗ ಹಾಕಿ ಇಡ್ತಾರೇನ್ರಿ?"

"ನನ್ನ ಮೊಮ್ಮಗಳು ಇಟ್ಟಾಳ. ಕೆರಿ ಕೆಸರಿನ ಮ್ಯಾಲ ಓದ್ಲಿಕತ್ತಾಳ."

"ಕೆಸರಿನ ಮ್ಯಾಲ ಏನು ಬರದಿರ್ತದಂತ ಓದ್ತಾಳ್ರಿ?"

ನಾನು ಹಿಗ್ಗಿನಿಂದ ನಕ್ಕು ಒಂದು ಬೊಗಸೆ ಹಿಟ್ಟು ಹೆಚ್ಚಿಗೆ ಹಾಕಿ ಕಳಿಸಿದೆ. ಈಚೆಗೆ ನನ್ನ ಸ್ಥಿತಿಯೇ ಹೀಗಾಗಿದೆ. ಯಾರಾದರೂ ಮೊಮ್ಮಗಳ ಸುದ್ದಿ ತೆಗೆದರೆ ಸಾಕು, ಕೈ ತಾನಾಗಿ ಸಡಿಲವಾಗುತ್ತದೆ. "ಅವ್ವಾ, ನಿನ್ನ ಮೊಮ್ಮಗಳ ಓದು ಮುಗಿಯೂದ್ರಾಗ ನಮ್ಮ ಹಿಟ್ಟಿನ ಡಬ್ಬಿ ತಳಾ ಕಾಣ್ತದ ನೋಡು" ಎಂದು ಮಗ ಬೈಯುತ್ತಾನೆ. ಬೈಯಲಿ. ಅವನ ಮಗಳೇ ಅಲ್ಲವೇ? ಒಳಗೊಳಗೆ ಅವನೂ ಹಿಗ್ಗಿದ್ದಾನೆ, ಗಂಡಸರಿಗೆ ಅದನ್ನು ತೋರಿಸಲು ಬರುವುದಿಲ್ಲ.

ಮೊಮ್ಮಗಳ ಹೆಸರು ಅಂಬಿಕಾ. ಕಲಬುರಗಿಯಲ್ಲಿದ್ದು ಓದುತ್ತಾಳೆ. ಏನು ಓದುತ್ತಾಳೆ ಎಂದು ಕೇಳಿದರೆ ನಾನು, "ಕಣ್ಣಿಗೆ ಕಾಣದ ಜೀವಗಳ ಮೇಲೆ" ಎನ್ನುತ್ತೇನೆ. ಕೆಲವರು ದೆವ್ವ ಭೂತ ಎಂದುಕೊಂಡು ಗಾಬರಿಯಾಗುತ್ತಾರೆ. ಕೆರೆಯ ತಳದ ಮಣ್ಣಿನಲ್ಲಿ ಸಾಸಿವೆಯ ತುದಿಗಿಂತಲೂ ಎಷ್ಟೋ ಸಣ್ಣ ಜೀವಗಳಿವೆಯಂತೆ. ಅವು ಏನು ತಿನ್ನುತ್ತವೆ, ತಿಂದು ಏನು ಬಿಡುತ್ತವೆ, ಬಿಟ್ಟದ್ದು ಯಾರಿಗೆ ಊಟವಾಗುತ್ತದೆ, ಇದು ಅವಳ ಓದು. ಹೋದ ಬೇಸಿಗೆಯಲ್ಲಿ ಬಂದವಳು ನನ್ನ ಎದುರಿಗೆ ಕಾಲು ಮಡಚಿ ಕುಳಿತು, "ಆಯಿ, ನಿಮ್ಮ ಕಾಲದಾಗ ಕೆರಿ ಗೋಡು ತಂದು ಹೊಲಕ್ಕ ಹಾಕ್ತಿದ್ರಂತ. ಎಲ್ಲಿಂದ ತೆಗೀತಿದ್ರಿ? ಹೆಂಗ ಹಾಕ್ತಿದ್ರಿ? ಜರಾ ಪೂರಾ ಹೇಳು" ಎಂದಳು. ಗೋಡು ಎಂದರೆ ಕೆರೆಯ ಹೂಳು.

ನನ್ನ ಕಣ್ಣು ತುಂಬಿ ಬಂದವು. ನಗಬೇಡಿ. ಈ ವಯಸ್ಸಿನವರೆಗೆ ಜನ ನನ್ನನ್ನು ಕೇಳಿದ್ದೆಲ್ಲ ಅಡುಗೆ ಆಯಿತೇ, ಎಮ್ಮೆ ಹಿಂಡಿತೇ, ಮೊಳಕಾಲು ಹೇಗಿದೆ ಎಂಬುದಷ್ಟೇ. ಓದಿದ ಹುಡುಗಿಯೊಬ್ಬಳು ಪೆನ್ನು ಹಿಡಿದು ಕುಳಿತು 'ಪೂರಾ ಹೇಳು' ಎಂದದ್ದು ಅದೇ ಮೊದಲು. ನನ್ನದು ಮಠದ ಅಯ್ಯನವರ ಸಾಲಿಯ ಓದು. ಉಸುಕಿನಲ್ಲಿ ಬೆರಳಾಡಿಸಿ ಅಕ್ಷರ ಕಲಿತವಳು. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ರಾಜ್ಯ ಹೋಗಿ, ನಮ್ಮ ಊರಿಗೆ ಸರಕಾರದ ಕನ್ನಡ ಸಾಲಿ ಬಂತು ಎನ್ನುವುದರೊಳಗೆ ನನ್ನ ಕೊರಳಿಗೆ ತಾಳಿ ಬಂತು. ಇದನ್ನು ಬರೆಯುವಾಗಲೂ ಒತ್ತಕ್ಷರ ಬಂದಲ್ಲಿ ಅಂಬಿಕಾಳನ್ನು ಕರೆಯುತ್ತೇನೆ. ಅವಳು ತಿದ್ದುವ ನೆಪದಲ್ಲಿ ಮೊದಲಿನಿಂದ ಓದಿ, "ಆಯಿ, ನನ್ನ ಬಗ್ಗೆ ಇಷ್ಟ್ಯಾಕ ಬರದಿ?" ಎನ್ನುತ್ತಾಳೆ. ಬರೆಯುವವಳು ನಾನು, ಅವಳ ಕೆಲಸ ಒತ್ತಕ್ಷರ ಮಾತ್ರ.

ಬರಣಿಯ ವಿಷಯಕ್ಕೆ ಬರುತ್ತೇನೆ. ಒಂದರಲ್ಲಿ ಚಿತ್ತಾಪುರದ ಹಾದಿಯ ಹಳೆಯ ಕೆರೆಯ ಕೆಸರು. ಇನ್ನೊಂದು ಎಲ್ಲಿಯದು ಎಂಬುದನ್ನು ಆಮೇಲೆ ಹೇಳುತ್ತೇನೆ, ಅದನ್ನು ಮೊದಲೇ ಹೇಳಿದರೆ ಉಳಿದದ್ದು ಹೇಳಲು ನನ್ನಿಂದ ಆಗುವುದಿಲ್ಲ. ಎರಡಕ್ಕೂ ಕೆಸರಿನ ಜೊತೆ ಹರಿದ ಪೇಪರಿನ ಚೂರು, ಒಂದಿಷ್ಟು ನೀರು ಹಾಕಿದಳು. ಅಷ್ಟಾದ ಮೇಲೆ ಮೆಲ್ಲಗೆ, "ಆಯಿ, ಒಂದು ತತ್ತಿ ಬೇಕು" ಎಂದಳು.

"ಏನಂದಿ?"

"ತತ್ತಿ. ಅದರೊಳಗಿನ ಹಳದಿ. ಅವಕ್ಕ ಉಣ್ಣಾಕ."

ಲಿಂಗ ಕಟ್ಟಿದ ಮನೆಯಲ್ಲಿ ತತ್ತಿ! ನಾನು ಎದ್ದು ನಿಂತುಬಿಟ್ಟೆ. ಬೆಲ್ಲ ಕೊಡುತ್ತೇನೆ, ತುಪ್ಪ ಕೊಡುತ್ತೇನೆ, ಹಾಲಿನ ಕೆನೆ ಕೊಡುತ್ತೇನೆ ಎಂದೆ. ಆ ಜೀವಗಳಿಗೆ ಯಾವುದೂ ನಡೆಯದಂತೆ. ಕಡೆಗೆ ರಾಜಿಯಾಯಿತು: ಹಿತ್ತಲಾಚೆ ಬೇವಿನ ಗಿಡದ ಕೆಳಗೆ ಕುಳಿತು ಬೆರೆಸುವುದು, ಮುಚ್ಚಳ ಬಿಗಿದು, ಮೇಲೆ ನೀರು ಸುರಿದು ತೊಳೆದು ಒಳಗೆ ತರುವುದು. ಹಾಗೆ ಶುದ್ಧವಾಗಿ ಬಂದ ಬರಣಿಗಳು ಇವು. ಕಿಟಕಿಯಲ್ಲಿ ಬಿಸಿಲು ತಾಗುವಂತೆ ಇಟ್ಟು, "ಕೆಲವು ವಾರ ಕಾಯಿ, ತಾವೇ ಬಣ್ಣ ತೋರಸ್ತಾವ" ಎಂದು ಹೇಳಿ ಅವಳು ಕಲಬುರಗಿಗೆ ಹೋದಳು. ಕಾಯುವುದು ನನ್ನ ಪಾಲಿಗೆ ಬಂತು.

ಕಾಣದ ಜೀವ ಎಂದರೆ ನನಗೇನು ಹೊಸತಲ್ಲ. ಬೆಚ್ಚಗಿನ ಹಾಲಿಗೆ ಒಂದು ಬೆರಳು ಮೊಸರು ಸವರಿ ಮುಚ್ಚಿಟ್ಟರೆ ಬೆಳಗಿಗೆ ಗಡಿಗೆಯ ತುಂಬ ಮೊಸರು. ಒಳಗೆ ಕುಳಿತು ಕೆಲಸ ಮಾಡಿದವರನ್ನು ಯಾರು ಕಂಡಿದ್ದಾರೆ? "ಹಂಗಾದ್ರ ಕೆರಿಗೂ ಹೆಪ್ಪು ಹಾಕ್ಯಾರೇನು?" ಎಂದು ನಾನು ಕೇಳಿದಾಗ ಅಂಬಿಕಾ ನನ್ನ ಗಲ್ಲ ಹಿಡಿದು, "ಹೌದಾಯಿ, ಬರಾಬರ್ ಹೇಳಿದಿ" ಎಂದಳು. ಆ ಒಂದು ಬರಾಬರ್‌ಗೆ ಆ ದಿನ ನಾನು ಹೋಳಿಗೆ ಮಾಡಿದೆ.

ನನ್ನ ತವರು ಚಿಂಚೋಳಿ ಕಡೆ. ಕೆಂಪು ನೆಲ, ಗುಡ್ಡ, ಗುಡ್ಡದ ಬುಡಕ್ಕೊಂದು ಕೆರೆ. ಅರ್ಧ ಊರು ಕನ್ನಡ, ಅರ್ಧ ಊರು ತೆಲುಗು, ಕೆರೆಯಲ್ಲಿ ಬಟ್ಟೆ ಒಗೆಯುವಾಗ ಜಗಳ ಮಾತ್ರ ಎರಡೂ ಭಾಷೆಯಲ್ಲಿ. ನೀರು ಇಳಿದ ಕಾಲಕ್ಕೆ ಅಂಚಿನಲ್ಲಿ ಪುಂಡಿಯ ಕಟ್ಟಿಗೆಗಳನ್ನು ಕಟ್ಟು ಕಟ್ಟಿ ಮುಳುಗಿಸಿ, ಮೇಲೆ ಕಲ್ಲು ಹೇರುತ್ತಿದ್ದರು. ತೊಗಟೆ ಕೊಳೆತ ಮೇಲೆ ಎತ್ತಿ ಬಡಿದರೆ ಹಗ್ಗ ಹೊಸೆಯುವ ನಾರು ಬಿಳಿಯಾಗಿ ಬಿಟ್ಟುಕೊಳ್ಳುತ್ತಿತ್ತು. ಅದರ ವಾಸನೆಯನ್ನು ಏನೆಂದು ಹೇಳಲಿ! ಬರಣಿಯ ಕೆಸರನ್ನು ಮೂಸಿ ಅಂಬಿಕಾ, "ಕೊಳೆತ ತತ್ತಿ ವಾಸನಿ" ಎಂದಳು. ನನಗೆ ಕೊಳೆತದ್ದೂ ಗೊತ್ತಿಲ್ಲ, ಒಳ್ಳೆಯದೂ ಗೊತ್ತಿಲ್ಲ. ನನಗೆ ಅದು ಪುಂಡಿಯ ವಾಸನೆ. ಮೂಗು ಮುಚ್ಚಿಕೊಳ್ಳುವ ಬದಲು ಇನ್ನೊಮ್ಮೆ ಎಳೆದುಕೊಂಡೆ. ಒಂದು ಉಸಿರಿನಲ್ಲಿ ತವರಿಗೆ ಹೋಗಿ ಬಂದೆ.

ನಾವು ಹುಡುಗಿಯರು ಕೋಲು ಹಿಡಿದು ಮೊಳಕಾಲುದ್ದ ನೀರಿಗೆ ಇಳಿದು ಕೆಸರನ್ನು ತಿವಿಯುತ್ತಿದ್ದೆವು. ಬುಳುಬುಳು ಎಂದು ಗುಳ್ಳೆಗಳು ಏಳುತ್ತಿದ್ದವು. "ಕೆರಿ ತೇಗ್ಲಿಕತ್ತದ" ಎಂದು ಕೂಗುತ್ತಿದ್ದೆವು. ಯಾರ ಕೋಲಿಗೆ ದೊಡ್ಡ ತೇಗು ಬರುತ್ತದೋ ಅವಳು ಆ ದಿನದ ಗೌಡತಿ. ಆ ತೇಗಿನ ಕಾರಣವನ್ನು ಮೊಮ್ಮಗಳು ಈಗ ಓದುತ್ತಿದ್ದಾಳೆ. ಉಂಡವರು ಇದ್ದರು ಎಂದಮೇಲೆ ತೇಗು ಸುಳ್ಳಲ್ಲವಲ್ಲ!

ಮದುವೆಯಾಗಿ ಗಂಡನ ಊರಿಗೆ ಹೊರಟಾಗ ಸೇಡಂವರೆಗೆ ಬಂಡಿ, ಅಲ್ಲಿಂದ ವಾಡಿವರೆಗೆ ರೈಲು. ನಾನು ರೈಲು ಕಂಡದ್ದೇ ಅಂದು. ಚಿತ್ತಾಪುರ ದಾಟಿದ ಮೇಲೆ ಕಿಟಕಿಯಾಚೆ ನೆಲದ ಬಣ್ಣವೇ ಬೇರೆಯಾಯಿತು. ಅತ್ತೆಯ ಮನೆ ಇದ್ದದ್ದು ಶಹಾಬಾದದ ಹಾದಿಯಲ್ಲಿ. ಅಲ್ಲಿ ಎಲ್ಲವೂ ಪರಸಿ ಕಲ್ಲು. ನೆಲಕ್ಕೆ ಕಲ್ಲು, ಮಾಡಿಗೆ ಕಲ್ಲು, ಗೋದಲಿಗೆ ಕಲ್ಲು, ನೀರಿನ ಹರವಿ ಮುಚ್ಚುವುದಕ್ಕೂ ಒಂದು ಕಲ್ಲು. ಹೊಲದಲ್ಲಿ ಗೇಣು ಅಗೆದರೆ ಕೆಳಗೆ ಹಾಸಿದಂತೆ ಕಲ್ಲು. ಊರಿನ ಗಂಡಸರು ಒಂದು ಕಾಲು ಹೊಲದಲ್ಲಿ, ಒಂದು ಕಾಲು ಖಣಿಯಲ್ಲಿ ಇಟ್ಟವರು. ಮಾತು ಸಹ ಕಲ್ಲಿನದೇ: ಒಳ್ಳೆಯ ಮನುಷ್ಯನನ್ನು ಹೊಗಳಬೇಕಾದರೆ 'ತಳದ ಕಲ್ಲು' ಎನ್ನುತ್ತಿದ್ದರು. ಮೇಲಿನ ಪದರ ಬಿಸಿಲಿಗೆ ಮಳೆಗೆ ಸೀಳಿ ಹಾಳಾಗಿರುತ್ತದೆ, ಆಳಕ್ಕೆ ಹೋದಷ್ಟು ಕಲ್ಲು ಗಟ್ಟಿ, ಬೆಲೆಯೂ ಹೆಚ್ಚು. ಈ ಮಾತು ನೆನಪಿಡಿ, ಮುಂದೆ ನಮ್ಮನ್ನು ಅದೇ ಕೆಡವಿತು.

ನಾನು ಬಂದ ವರ್ಷವೇ ಮಾವ ಇಬ್ಬರು ಮಕ್ಕಳಿಗೆ ಪಾಲು ಮಾಡಿಕೊಟ್ಟರು. ಖಣಿಯ ಪಕ್ಕದ ಹೊಲ ನಡುವೆ ಬದು ಹಾಕಿ ಅರ್ಧ ಭಾವನವರಿಗೆ, ಅರ್ಧ ನಮ್ಮ ಮನೆಯವರಿಗೆ. ತೆಳು ಮಣ್ಣು, ಜೋಳ ಮೊಳಕಾಲಿಗೂ ಬರುತ್ತಿರಲಿಲ್ಲ. ಕಲ್ಲಿನ ಗುತ್ತೇದಾರ ಅದರ ಮೇಲೆ ಕಣ್ಣಿಟ್ಟಿದ್ದ. ಕೆಟ್ಟವನಲ್ಲ, ನಗುಮುಖದ ಮನುಷ್ಯ. ಬಂದಾಗಲೆಲ್ಲ ಹೊಲದಲ್ಲಿ ಅಡ್ಡಾಡಿ ಬೆತ್ತದಿಂದ ನೆಲ ಕುಟ್ಟಿ ಸಪ್ಪಳ ಕೇಳುತ್ತಿದ್ದ, ಹಕೀಮ ಬೆನ್ನು ಬಡಿದು ಕೇಳುವಂತೆ. "ಅಸಲ್ ಮಾಲ್ ಅದ, ಗೌಡ್ರ. ಮಣ್ಣು ಸುಮ್ಮನ ಮ್ಯಾಲ ಕುಂತದ" ಎನ್ನುತ್ತಿದ್ದ. ಭಾವನವರು ತಮ್ಮ ಪಾಲನ್ನು ಕಲ್ಲಿಗೆ ಕೊಟ್ಟುಬಿಟ್ಟರು. ಕೊಟ್ಟ ಹೊಲ ಗುಂಡಿಯಾಗುತ್ತದೆ, ಮತ್ತೆ ಹೊಲವಾಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ನಮ್ಮ ಪಾಲಿನ ಮಾತು ಬಂದಾಗ ಮಾವ, "ಈ ವರ್ಷ ಬಿತ್ತಿ ನೋಡು. ಎಳ್ಳಮಾಸಿಗೆ ಚರಗ ಚೆಲ್ಲಾಕ ಹೋದಾಗ ಪೈರು ಕಂಡ್ರ ಹೊಲ. ಕಾಣದಿದ್ರ ಕಲ್ಲು" ಎಂದು ಮಗನಿಗೆ ಎಳ್ಳು ಅಮಾವಾಸ್ಯೆಯ ಗಡುವು ಕೊಟ್ಟರು.

ನಾನು ಹೊಸ ಸೊಸೆ, ಮಾವನವರ ಎದುರಿಗೆ ಬಾಯಿ ತೆರೆಯುವಂತಿಲ್ಲ. ಆದರೆ ಆ ಹೊಲ ನನ್ನ ಕಣ್ಣಿಗೆ ಬಿದ್ದ ಮೊದಲ ಸ್ವಂತದ ವಸ್ತು. ತವರಿನಲ್ಲಿ ಎಲ್ಲ ಅಣ್ಣಂದಿರದು, ಇಲ್ಲಿ ಎಲ್ಲ ಅತ್ತೆಯದು. ಆ ಹೊಲ ಮಾತ್ರ ನಾವಿಬ್ಬರೂ ಸೇರಿ ನಮ್ಮದು ಎನ್ನಬಹುದಾದದ್ದು. ಅದು ಗುಂಡಿಯಾದರೆ ಇವರು ಖಣಿಯ ಕೂಲಿಗೆ, ನಾನು ಕಲ್ಲಿನ ಚೂರು ಹೊರಲಿಕ್ಕೆ. ಮಜ್ಜಿಗೆ ಕೊಡುವ ನೆಪದಲ್ಲಿ ಇವರಿಗೆ ಹೇಳಿದೆ: "ನಮ್ಮ ಕಡಿ ಬ್ಯಾಸಿಗಿಗೆ ಕೆರಿ ಗೋಡು ತಂದು ಹೊಲಕ್ಕ ಹಾಕ್ತಾರ್ರಿ. ಕಲ್ಲಿನಂಥ ಹೊಲಾನೂ ಬೆಳೀತದ."

ಇವರು ಮಜ್ಜಿಗೆ ಕುಡಿದು ತಂಬಿಗೆ ಕೆಳಗಿಟ್ಟರು. ಮರುದಿನ ಬಂಡಿ ಕಟ್ಟಿದರು.

ಚಿತ್ತಾಪುರದ ಹಾದಿಯಲ್ಲಿ ಒಂದು ಹಳೆಯ ಕೆರೆ. ನೀರು ಹಿಂದೆ ಸರಿದು ಅಂಚು ಒಣಗಿ ಬಿರುಕು ಬಿಟ್ಟಿತ್ತು. ನಡುವೆ ಮಾತ್ರ ಇನ್ನೂ ರಾಡಿ. ಬೇರೆ ಊರಿನವರು ಅಂಚಿನ ಒಣ ಹೆಂಟೆ ಎತ್ತಿ ತುಂಬಿಕೊಂಡು ಹೋಗುತ್ತಿದ್ದರು. ನಮ್ಮವರು ಅವರನ್ನು ನೋಡಿ ನಕ್ಕರಂತೆ. ಕಲ್ಲಿನ ಊರಿನವರಲ್ಲವೇ! "ಮ್ಯಾಲಿಂದು ಕಚ್ಚಾ ಮಾಲು. ಅಸಲ್ ಮಾಲ್ ತಳದಾಗ ಇರ್ತದ" ಎಂದು ತೊಡೆಯವರೆಗೆ ಹುಗಿಯುವ ರಾಡಿಗೆ ಇಳಿದು ಒಳಗಿನ ಕರಿ ಕೆಸರನ್ನೇ ತೆಗೆದರು. ಅಷ್ಟೇ ಅಲ್ಲ, ತಂದದ್ದನ್ನು ಸಲಿಕೆಯಿಂದ ಚೌಕಾಗಿ ಕೊಯ್ದು ಹೊಲದ ಮೇಲೆ ಸಾಲಾಗಿ ಹಾಸಿದರು, ಅಂಗಳಕ್ಕೆ ಪರಸಿ ಹಾಸಿದಂತೆ, ಸಂದು ಬಿಡದೆ! ಮಾವ ಬಂದು ನೋಡಿ, "ಭೇಷ್, ಹಾಸಿಗಿ ಚಂದ ಆಗ್ಯಾದ" ಎಂದು ಮೆಚ್ಚಿದರು. ವಾಸನೆಗೆ ಊರೆಲ್ಲ ಮೂಗು ಮುಚ್ಚಿತು. "ವಾಸನಿ ಇದ್ದಷ್ಟು ತಾಕತ್ತು" ಎಂದು ಮಾವನೇ ಎಲ್ಲರಿಗೂ ಸಮಾಧಾನ ಹೇಳಿದರು.

ನನಗೆ ಒಳಗೊಳಗೆ ಅನುಮಾನ. ತವರಿನಲ್ಲಿ ಗೋಡು ಹೀಗಿರಲಿಲ್ಲ. ಆದರೆ ಹೇಗಿತ್ತು ಎಂದು ಹೇಳಲು ನಾನೇನು ಹೊಲಕ್ಕೆ ಹೋಗಿ ನಿಂತು ನೋಡಿದವಳೇ? ಕೆರೆಯ ತೇಗು ಎಣಿಸುತ್ತಿದ್ದವಳು.

ಆ ವರ್ಷ ಮಳೆಯೂ ಬೇಗ ಬಂತು. ಹದ ತಪ್ಪಿಸಬಾರದೆಂದು ಹಸಿ ಗೋಡಿನ ಮೇಲೆಯೇ ಹೆಸರು ಬಿತ್ತಿದರು. ಮೊಳಕೆ ಬಂತು. ನಾನು ನೆಪ ಹುಡುಕಿ ಹುಡುಕಿ ದಿನಾ ಹೋಗಿ ನೋಡುತ್ತಿದ್ದೆ. ಎಲೆ ಬಿಚ್ಚಿದ ಮೇಲೆ ಹಸಿರು ಏರಲಿಲ್ಲ, ಹಳದಿಗೆ ತಿರುಗಿತು. ಕಿತ್ತು ನೋಡಿದರೆ ಬೇರು ಕಪ್ಪಗೆ, ಮೆತ್ತಗೆ. ನೋಡನೋಡುತ್ತ ಇಡೀ ಹೊಲ ಒರಗಿತು.

ಭಾವನವರ ಹೆಂಡತಿ, ನನ್ನ ನೆಗೆಣ್ಣಿ ನೀಲಮ್ಮಕ್ಕ, ಆಗ ನನಗಿಂತ ಸ್ವಲ್ಪವೇ ದೊಡ್ಡವಳು. ನಾಲಿಗೆ ಮಾತ್ರ ಬಹಳ ದೊಡ್ಡದು. ಬಾವಿಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ, "ಏನವ್ವ ಚಿಂಚೋಳಿಯಾಕಿ, ನಿಮ್ಮ ಕಡಿ ಹೊಲಕ್ಕ ಹಿಂಗ ವಿಷಾ ಹಾಕೂ ಪದ್ಧತಿ ಅದೇನು? ನಮ್ಮಾಂವ ಕಲ್ಲಿಗಿ ಕೊಟ್ಟು ಜಾಣ ಆದ. ನಿಮ್ಮಾಂವ ಕೆಸರು ಹೊತ್ತು ಕೆಸರಾದ" ಎಂದಳು. ನನ್ನ ಕೈಯ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು. ಅದಕ್ಕೂ ಒಂದು ಮಾತು ಬಂತು: "ಇನ್ನ ಬಾವಿ ತಳದ ಕೆಸರು ತೆಗೀತಾಳೇನಬೇ ಈಕಿ?"

ಗುತ್ತೇದಾರ ಬಂದು ಬದುವಿನ ಮೇಲೆ ನಿಂತು ತಲೆ ಅಲ್ಲಾಡಿಸಿ ಹೋದ. ಬದುವಿನ ಆಚೆ ಹಾರೆಯ ಸಪ್ಪಳ ಶುರುವಾಗಿತ್ತು. ಭಾವನವರ ಹೊಲದ ಚರ್ಮ ಸುಲಿದಿದ್ದರು. ಇವರು ಆ ಸಪ್ಪಳ ಕೇಳುತ್ತ ಕುಳಿತವರು ಒಂದು ದಿನ ತಟ್ಟನೆ ಎದ್ದು, ಖಣಿಯಿಂದ ಕಲ್ಲು ಒಡೆಯುವ ದೊಡ್ಡ ಸುತ್ತಿಗೆ ತಂದರು. ಗೋಡು ಅಷ್ಟರಲ್ಲಿ ಬಿಸಿಲಿಗೆ ಕಾದು ನಿಜವಾಗಿ ಪರಸಿಯಂತೆಯೇ ಗಟ್ಟಿಯಾಗಿತ್ತು. ಅದರ ಮೇಲೆ ಸಿಟ್ಟಿನಿಂದ ಹೊಡೆದರು ನೋಡಿ! ಬುದ್ಧಿಯಿಂದ ಮಾಡಿದ್ದಲ್ಲ ಅದು, ಬರೀ ಸಿಟ್ಟು. ಹೆಂಟೆ ಒಡೆದು, ಒಡೆದದ್ದನ್ನು ಮತ್ತೆ ಒಡೆದು, ಮೇಲೆ ಕುಂಟೆ ಹೊಡೆದು ತಳಮೇಲು ಮಾಡಿದರು. ನಾನು ಹಿಂದೆ ಹಿಂದೆ ಹೋಗಿ ಕೈಯಿಂದ ಹಿಸುಕುತ್ತಿದ್ದೆ. ಆಮೇಲೆ ಮಾಡಲು ಏನೂ ಉಳಿಯದೆ ಸುಮ್ಮನೆ ಬಿಟ್ಟೆವು. ಬಿಸಿಲು ಬಂತು, ಮಳೆ ಬಂತು, ಮತ್ತೆ ಬಿಸಿಲು.

ಒಂದು ಮುಂಜಾನೆ ಬದುವಿನ ಮೇಲೆ ನಿಂತಾಗ ನನಗೆ ಏನೋ ತಪ್ಪಿದಂತಾಯಿತು. ಆಮೇಲೆ ತಿಳಿಯಿತು, ವಾಸನೆ ಇರಲಿಲ್ಲ. ಒಂದು ಹಿಡಿ ಎತ್ತಿ ಮೂಸಿದೆ. ಮೊದಲ ಮಳೆ ಬಿದ್ದ ನೆಲದ ಪರಿಮಳ. ಕರಿ ಬಣ್ಣ ಹೋಗಿ ಕಂದು ತಿರುಗಿತ್ತು, ಬೆರಳ ಸಂದಿಯಲ್ಲಿ ರವೆಯಂತೆ ಉದುರುತ್ತಿತ್ತು. ಇವರಿಗೆ ಹೇಳಿದರೆ, "ವಾಸನಿ ಹೋತಂದ್ರ ತಾಕತ್ತೂ ಹೋತು" ಎಂದು ಮುಖ ತಿರುಗಿಸಿದರು. ಆದರೂ ಹಿಂಗಾರಿಗೆ ಬಿಳಿಜೋಳ ಬಿತ್ತಿದರು. ಬೀಜ ಹೇಗೂ ಮನೆಯಲ್ಲಿತ್ತು, ಗಡುವೂ ಇನ್ನೂ ಇತ್ತು.

ಆ ಜೋಳ ಎದ್ದ ಬಗೆಯನ್ನು ಈಗಲೂ ಹೇಳುತ್ತ ಕುಳಿತರೆ ಮಗ ಎದ್ದು ಹೋಗುತ್ತಾನೆ, ಅಷ್ಟು ಸಲ ಕೇಳಿದ್ದಾನೆ. ಅಂಬಿಕಾ ಮಾತ್ರ ಬರೆದುಕೊಂಡಳು. ಕೇಳಿ ಕೇಳಿ ಅವಳ ಕಣ್ಣು ಅಗಲವಾದವು. "ಆಯಿ, ಹೆಸರು ಯಾಕ ಸತ್ತಿತ್ತು ಗೊತ್ತೇನು? ಕೆರಿ ತಳಕ್ಕ ಗಾಳಿ ಹೋಗಂಗಿಲ್ಲ. ಗಾಳಿ ಬ್ಯಾಡದ ಜೀವ ಅಲ್ಲಿರ್ತಾವ. ಮ್ಯಾಲಿಂದ ಬಿದ್ದ ಎಲಿ, ಶಗಣಿ, ಸತ್ತ ಮೀನು ಎಲ್ಲಾ ಮುರದು ಮುರದು ಇಟ್ಟಿರ್ತಾವ. ಊಟ ಭಾಳ ಇರ್ತದ ಅಲ್ಲಿ, ಆದ್ರ ಅವು ಬಿಡೂ ಉಸರು ಬೇರಿಗಿ ವಿಷ. ಮುತ್ಯಾ ಸುತ್ತಿಗಿಲೇ ಒಡದು ಗಾಳಿ ಆಡಿಸಿದ್ರಲ್ಲ, ಆಗ ಗಾಳಿ ಬೇಕಾದ ಜೀವ ಎದ್ದು ಅದನ್ನೇ ಜೋಳದ ಊಟ ಮಾಡಿದ್ವು."

"ಅಂದ್ರ ನಿಮ್ಮ ಮುತ್ಯಾನ ಸಿಟ್ಟಿಲೇ ಬೆಳೀತೇನು?"

"ಸಿಟ್ಟಿಲೇ ಅಲ್ಲ, ಗಾಳಿಲೇ. ಸಿಟ್ಟು ಬರೀ ಬಾಗಲಾ ತಗೀತು."

ಇವರು ಬದುಕಿದ್ದು ಇದನ್ನು ಕೇಳಬೇಕಿತ್ತು. ಜೀವನದುದ್ದಕ್ಕೂ ತಮ್ಮ ಸಿಟ್ಟಿಗೆ ಒಂದು ಒಳ್ಳೆಯ ಹೆಸರು ಬರಲಿಲ್ಲವೆಂಬ ಕೊರಗು ಅವರಿಗಿತ್ತು.

ಎಳ್ಳಮಾಸಿ ಬಂತು. ನಮ್ಮ ಕಡೆ ಅಂದು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಹೊಲಕ್ಕೆ ಉಣಿಸಬೇಕು. ಪೈರಿನ ನಡುವೆ ನಡೆಯುತ್ತ ಅನ್ನ ಚೆಲ್ಲುವುದೇ ಚರಗ. ನಮ್ಮ ಜೋಳ ಎದೆಯುದ್ದ ನಿಂತಿತ್ತು, ಎಲೆ ನವಿಲಿನ ಕೊರಳಿನ ಬಣ್ಣ. ಗುತ್ತೇದಾರನೂ ಬಂದಿದ್ದ, ಗಡುವು ಕೇಳಲಿಕ್ಕೆ. ಮಾವ ಅವನನ್ನು ಕೈಹಿಡಿದು ಕೂಡಿಸಿ ತಾಟಿಗೆ ಭಜ್ಜಿ ಹಾಕಿಸಿದರು.

"ಉಣ್ರಿ, ಸಂಕೋಚ ಬ್ಯಾಡ. ಊಟಾ ನಮ್ದು. ಹೊಲಾನೂ ನಮ್ದು."

ಗುತ್ತೇದಾರ ಪೈರನ್ನೊಮ್ಮೆ ನೋಡಿ ನಕ್ಕುಬಿಟ್ಟ. "ಹೋಗ್ಲಿ ಬಿಡ್ರಿ ಗೌಡ್ರ. ಭಜ್ಜಿ ಇನ್ನೊಂದು ಚೂರು ಹಾಕಸ್ರಿ" ಎಂದ. ನಾನು ಜೋಳದ ಮರೆಯಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ, ಅಳುವೋ ನಗುವೋ ನನಗೇ ತಿಳಿಯಲಿಲ್ಲ.

ಆಗಲೇ ಬದುವಿನ ಆಚೆ ಕಣ್ಣು ಹೋಯಿತು. ನೀಲಮ್ಮಕ್ಕ ಚರಗದ ಬುಟ್ಟಿ ಹಿಡಿದು ನಿಂತಿದ್ದಳು. ಹಬ್ಬದ ಪದ್ಧತಿಯಂತೆ ಅಡುಗೆ ಮಾಡಿ ತಂದುಬಿಟ್ಟಿದ್ದಾಳೆ. ಚೆಲ್ಲಲು ಹೊಲ ಎಲ್ಲಿದೆ? ಮುಂದೆ ಬೋಳು ಗುಂಡಿ, ಕಲ್ಲಿನ ಚೂರು. ಭಾವನವರು ತಲೆ ತಗ್ಗಿಸಿ ದೂರ ನಿಂತಿದ್ದರು. ಬಾವಿಕಟ್ಟೆಯ ಮಾತಿಗೆ ಸೇಡು ತೀರಿಸಿಕೊಳ್ಳುವ ಒಳ್ಳೆಯ ಹೊತ್ತು ಅದು. ನಾನು ಬೇಕಾದಷ್ಟು ಮಾತು ಜೋಡಿಸಿಟ್ಟಿದ್ದೆ ಕೂಡ. ಒಂದೂ ಬಾಯಿಗೆ ಬರಲಿಲ್ಲ. ಅತ್ತೆ, "ಇಕಡಿ ಬಾರವ್ವ, ಇಲ್ಲಿ ಚೆಲ್ಲು" ಎಂದು ಕರೆದರು. ನೀಲಮ್ಮಕ್ಕ ಬರಲಿಲ್ಲ. ಗುಂಡಿಯ ಅಂಚಿಗೆ ಹೋಗಿ, ಬುಟ್ಟಿಯಲ್ಲಿದ್ದದ್ದನ್ನೆಲ್ಲ ಹಿಡಿ ಹಿಡಿಯಾಗಿ ಆ ಕಲ್ಲಿನ ಗುಂಡಿಗೇ ಚೆಲ್ಲಿದಳು. ಖಾಲಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಯಾರನ್ನೂ ನೋಡದೆ ಮನೆಗೆ ಹೋದಳು.

ಆಮೇಲೆ ಎಳ್ಳಮಾಸಿ ಬಂದಾಗಲೆಲ್ಲ ಹಾಗೆಯೇ. ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ಗುತ್ತೇದಾರ ಕಲ್ಲು ಮುಗಿಸಿ ಬೇರೆ ಕಡೆ ಹೋದ, ಗುಂಡಿಯಲ್ಲಿ ನೀರು ನಿಂತಿತು. ನೀಲಮ್ಮಕ್ಕನ ಚರಗ ಮಾತ್ರ ತಪ್ಪಲಿಲ್ಲ. ಊರವರು ಬೆನ್ನ ಹಿಂದೆ ನಗುತ್ತಿದ್ದರು. ಭಾವನವರು ಇರುವವರೆಗೂ ಸಂಜೆ ಆ ಅಂಚಿನಲ್ಲಿ ಕುಳಿತು ಬರುತ್ತಿದ್ದರು. ನಾನು ಒಮ್ಮೆ, "ಅಕ್ಕ, ಕಲ್ಲಿಗಿ ಚೆಲ್ಲಿದ್ದು ಯಾರು ಉಣ್ತಾರ? ನಮ್ಮ ಹೊಲಕ್ಕ ಬಾ" ಎಂದೆ. ಆಕೆ, "ಕೊಟ್ಟ ಮ್ಯಾಲೂ ಅದು ನಮ್ಮ ಹೊಲಾನಬೇ. ಉಣ್ಣಲಿ ಬಿಡಲಿ, ಉಪವಾಸ ಹೆಂಗ ಬಿಡ್ಲಿ?" ಎಂದಳು. ಅಂದಿನಿಂದ ನನ್ನ ಬುಟ್ಟಿಯಿಂದ ಒಂದು ಕಡುಬು ಆಕೆಯ ಬುಟ್ಟಿಗೂ ಹೋಗತೊಡಗಿತು.

ಎರಡನೆಯ ಬರಣಿ ಆ ಗುಂಡಿಯದು.

ಅಂಬಿಕಾ ಕೊಳವೆ ಇಳಿಸಿ ತಳದಿಂದ ತೆಗೆದುಕೊಂಡು ಬಂದಳು. "ಕೆರಿಗಿ ನೂರಾರು ವರ್ಷದ ಊಟ ಅದ ಆಯಿ. ಇದು ಕಲ್ಲಿನ ತಳ, ನಿನ್ನ ಕಣ್ಣ ಮುಂದ ಆಗಿದ್ದು. ಇದರಾಗ ಆ ಜೀವ ಬಂದು ಮನಿ ಮಾಡ್ಯಾವೋ ಇಲ್ಲೋ ನೋಡಬೇಕು" ಎಂದಳು. ಆ ದಿನದಿಂದ ನನಗೆ ನಿದ್ದೆ ಸರಿಯಾಗಿಲ್ಲ. ಕೆರೆಯ ಬರಣಿ ಬೇಗನೆ ಬಣ್ಣ ತೋರಿತು: ತಳದಲ್ಲಿ ಕಪ್ಪು, ಮೇಲೆ ಹಸಿರು, ನಡುವೆ ಕುಂಕುಮ ಕಲಸಿದಂಥ ಕೆಂಪು ಪಟ್ಟಿ. ಗುಂಡಿಯ ಬರಣಿ ಬೂದಿ ಬಣ್ಣದಲ್ಲಿ ಸುಮ್ಮನೆ ಕುಳಿತಿತ್ತು. ನಾನು ಅದನ್ನು ಬಿಸಿಲು ಹೆಚ್ಚಿರುವ ಕಡೆಗೆ ಸರಿಸಿದೆ. ಅದರೊಂದಿಗೆ ಮಾತಾಡಿದೆ. ಸೊಸೆ ನೋಡಿ, "ಅತ್ತಿ, ಅದಕ್ಕ ಕಿವಿ ಇಲ್ರಿ" ಎಂದಳು. ಕಣ್ಣು ಬಾಯಿ ಇಲ್ಲದ್ದು ಉಣ್ಣುತ್ತದೆ ಎಂದಮೇಲೆ, ಕಿವಿ ಇಲ್ಲದ್ದು ಕೇಳಬಾರದೇ?

ಹೋದ ವಾರ ಕಿಟಕಿ ಒರೆಸುವಾಗ ಕಂಡಿತು. ಗಾಜಿಗೆ ಅಂಟಿ, ಹುಬ್ಬಿನಷ್ಟು ಉದ್ದಕ್ಕೆ, ತೆಳ್ಳಗೆ ಕೆಂಪು. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದೇ ಅಂಬಿಕಾಳಿಗೆ ಫೋನು ಹಚ್ಚಿಸಿದೆ. ಅವಳು ಮರುದಿನದ ಬಸ್ಸಿಗೇ ಬಂದಳು. ಬರಣಿಯನ್ನು ಎದೆಗಪ್ಪಿ ಇಬ್ಬರೂ ನೀಲಮ್ಮಕ್ಕನ ಮನೆಗೆ ಹೋದೆವು. ಆಕೆಗೆ ಈಗ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೆ, ನಾಲಿಗೆ ಮಾತ್ರ ಇದ್ದ ಹಾಗೆಯೇ ಇದೆ.

"ಏನದು? ಉಪ್ಪಿನಕಾಯಿ ಕೊಡಾಕ ಇಬ್ಬರು ಬರಬೇಕೇನು?"

"ದೊಡ್ಡಾಯಿ, ಇದು ನಿಮ್ಮ ಹೊಲದ್ದು. ಗುಂಡಿ ತಳದ ಕೆಸರು. ಇಕಾ, ಇಲ್ಲಿ ಕೆಂಪಗ ಕಾಣ್ತದಲ್ಲ, ಇದು ಜೀವ" ಎಂದು ಅಂಬಿಕಾ ಆಕೆಯ ಬೆರಳು ಹಿಡಿದು ಗಾಜಿನ ಮೇಲೆ ಇಟ್ಟಳು.

"ಕಲ್ಲಾಗ ಜೀವ ಎಲ್ಲಿಂದ ಬಂತು?"

"ಗಾಳಿಗಿ, ಮಳಿಗಿ, ಹಕ್ಕಿ ಕಾಲಿಗಿ ಹತ್ತಿ ಬರ್ತಾವ. ಬಂದ ಮ್ಯಾಲ ಉಣ್ಣಾಕ ಇದ್ರ ಇರ್ತಾವ. ಮ್ಯಾಲಿಂದ ಏನು ಬಿದ್ರೂ ಉಣ್ತಾವ, ಎಲಿ, ಕಡ್ಡಿ..."

ನೀಲಮ್ಮಕ್ಕ ಬೆರಳು ತೆಗೆಯಲಿಲ್ಲ. ಹಾಗೆಯೇ ನನ್ನ ಕಡೆಗೆ ಮುಖ ತಿರುಗಿಸಿದಳು. ಬಾವಿಕಟ್ಟೆಯ ಮೇಲಿನ ಆ ಹಳೆಯ ಜೋರು ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಹೇಳಿದಳು:

"ಕೇಳಿದೇನಬೇ ಚಿಂಚೋಳಿಯಾಕಿ? ಯಾರು ಉಣ್ತಾರ ಅಂತಿದ್ದಿ ಅಲ್ಲ? ಉಂಡಾವ!"